ಯುದ್ಧಕಾಲದ ನಕಾಶೆ, ಹಳೇ ಸರ್ಕಾರಿ ಕಡತ ಈಗ ಆನ್‌ಲೈನ್‌ನಲ್ಲಿ: ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯದನ್ನು ಹುಡುಕುವುದು ಹೇಗೆ?

ಕಪ್ಪತಗುಡ್ಡ (ಗದಗ)

ಎಲ್ಲರಿಗೂ ನಮಸ್ಕಾರ.

ಸೈನ್ಯಕ್ಕೆಂದು ಮಾಡಿದ ಹಳೇ ನಕಾಶೆಗಳು, ಯುದ್ಧದ ದಿನಗಳ ಸರ್ಕಾರಿ ಕಡತಗಳು ಬಹಳಷ್ಟು ಈಗ ಆನ್‌ಲೈನ್‌ಗೆ ಬಂದಿವೆ. ಹೆಚ್ಚಿನವಕ್ಕೆ ದುಡ್ಡೂ ಇಲ್ಲ. ಆದರೆ ಅದರಲ್ಲಿ ನಮ್ಮ ಕಡೆಯದು ಎಲ್ಲಿದೆ ಅಂತ ಹೇಳುವವರು ಕಡಿಮೆ. ಟೆಕ್ಸಾಸಿನಲ್ಲೋ ಲಂಡನ್ನಿನಲ್ಲೋ ಸ್ಕ್ಯಾನ್ ಮಾಡಿದವರಿಗೆ ಹೊಸರಿತ್ತಿ ಎಲ್ಲಿ, ಡಂಬಳ ಎಲ್ಲಿ ಅಂತ ಹೇಗೆ ಗೊತ್ತಾಗಬೇಕು? ಅದು ನಮ್ಮ ಕೆಲಸ. ನನಗೆ ತಿಳಿದಷ್ಟು ಬರೆಯುತ್ತೇನೆ, ನೀವೂ ಸೇರಿಸಿ.

ಮೊದಲು ನಕಾಶೆ. ಅಮೆರಿಕದ ಆಸ್ಟಿನ್ ಊರಿನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕಾಸ್ಟನೇಡಾ ಲೈಬ್ರರಿಯ ನಕಾಶೆ ಸಂಗ್ರಹಕ್ಕೆ ಹೋಗಿ. ಅಲ್ಲಿ ಅಮೆರಿಕದ ಸೈನ್ಯದ ನಕಾಶೆ ವಿಭಾಗ, ಅಂದರೆ ಆರ್ಮಿ ಮ್ಯಾಪ್ ಸರ್ವಿಸ್ ಮಾಡಿದ ‘ಯು 502’ ಅನ್ನುವ ಮಾಲಿಕೆ ಇದೆ. ಭಾರತ, ಪಾಕಿಸ್ತಾನದ್ದು. ಅಳತೆ 1:2,50,000. ನಕಾಶೆಯ ಮೇಲಿನ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್.

ಹಾಳೆ ಹುಡುಕುವಾಗ ಊರ ಹೆಸರಿಗಿಂತ ಹಾಳೆಯ ನಂಬರ್ ಹಿಡಿಯುವುದು ಒಳ್ಳೆಯದು. ಎನ್‌ಡಿ 43 ಅನ್ನುವ ದೊಡ್ಡ ಚೌಕ 12ರಿಂದ 16 ಡಿಗ್ರಿ ಉತ್ತರ, 72ರಿಂದ 78 ಡಿಗ್ರಿ ಪೂರ್ವದವರೆಗೆ ಇದೆ. ಅದರೊಳಗೆ 16 ಹಾಳೆ. ಪ್ರತಿ ಹಾಳೆ ಒಂದು ಡಿಗ್ರಿ ಎತ್ತರ, ಒಂದೂವರೆ ಡಿಗ್ರಿ ಅಗಲ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ನಂಬರ್. ಈ ಲೆಕ್ಕದಲ್ಲಿ ಹುಬ್ಬಳ್ಳಿ, ಗದಗ, ನರಗುಂದ, ರೋಣ, ಗಜೇಂದ್ರಗಡ, ಮುಂಡರಗಿ, ಲಕ್ಷ್ಮೇಶ್ವರ ಎಲ್ಲವೂ ಎನ್‌ಡಿ 43-3ರಲ್ಲಿ ಬರುತ್ತವೆ. ಹಾವೇರಿ, ಸವಣೂರು, ಹಾನಗಲ್ಲ, ಬ್ಯಾಡಗಿ, ರಾಣೇಬೆನ್ನೂರು, ಹಿರೇಕೆರೂರು ಅದರ ಕೆಳಗಿನ 43-7ರಲ್ಲಿ. ಧಾರವಾಡ ಊರು 75 ಡಿಗ್ರಿ ರೇಖೆಗೆ ಹತ್ತಿಕೊಂಡೇ ಇದೆ. ಹಾಗಾಗಿ ಅಳ್ನಾವರ, ಕಲಘಟಗಿ ಕಡೆಯವರು ಪಕ್ಕದ 43-2 ನೋಡಿ.

ಇದರಲ್ಲಿ ಏನು ಸಿಗುತ್ತದೆ? ನವಿಲುತೀರ್ಥದ ಅಣೆಕಟ್ಟು ಮುಗಿದದ್ದು 1970ರ ದಶಕದಲ್ಲಿ. ಈ ಮಾಲಿಕೆ 1950ರ ದಶಕದ್ದು. ಅಂದರೆ ಇಲ್ಲಿ ಅದರ ಜಲಾಶಯ ರೇಣುಕಾಸಾಗರ ಇಲ್ಲ. ಮಲಪ್ರಭೆ ತನ್ನ ಪಾಡಿಗೆ ಹರಿಯುತ್ತಾಳೆ, ಆಮೇಲೆ ನೀರಿನಡಿ ಹೋದ ನೆಲ ಆಗ ಹೇಗಿತ್ತು ಅಂತ ತಿಳಿಯುತ್ತದೆ. ಗದಗಿನಿಂದ ಹೊಟಗಿಗೆ ಹೋಗುವ ರೈಲು ಆಗ ಮೀಟರ್ ಗೇಜ್. ಹುಬ್ಬಳ್ಳಿ ಇನ್ನೂ ಚಿಕ್ಕ ಊರು. ಧಾರವಾಡಕ್ಕೂ ಅದಕ್ಕೂ ನಡುವೆ ಬರೀ ಹೊಲ.

ಕಡತಗಳ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ಇದನ್ನು ತೆರೆದು ನೋಡಿ, ನಿಮ್ಮೂರು ಸಿಕ್ಕಿತಾ ಹೇಳಿ.

ಉಣಕಲ್_ದಂಡೆ (ಹುಬ್ಬಳ್ಳಿ)

ಸರ್, ಇಳಿಸಿಕೊಂಡೆ. ಉಣಕಲ್ ಕೆರೆ ಸಿಕ್ಕಿತು, ಬಹಳ ಖುಷಿಯಾಯಿತು. ಆದರೆ ಒಂದು ಅನುಮಾನ. ಇದು ಬೇರೆ ದೇಶದ ಸೈನ್ಯ ಮಾಡಿದ ನಕಾಶೆ. ಇಟ್ಟುಕೊಂಡರೆ, ಬೇರೆಯವರಿಗೆ ಕಳಿಸಿದರೆ ಕಾನೂನಿನ ತೊಂದರೆ ಏನೂ ಇಲ್ಲವೇ? ನಮ್ಮ ತಂದೆ ಇಲಾಖೆಯಲ್ಲಿದ್ದವರು. ಟೋಪೋಶೀಟ್ (ನೆಲದ ವಿವರ ತೋರಿಸುವ ಸರ್ಕಾರಿ ನಕಾಶೆ ಹಾಳೆ) ಅಂದರೆ ಬೀಗ ಹಾಕಿದ ಕಪಾಟಿನಲ್ಲಿ ಇಡುವ ವಸ್ತು ಅಂತಲೇ ಹೇಳುತ್ತಿದ್ದರು.

ನಕಾಶೆ_ಕೆಲಸ (ಧಾರವಾಡ)

ಉಣಕಲ್ ಅಣ್ಣಾರೆ, ನಿಮ್ಮ ತಂದೆಯವರು ಹೇಳಿದ್ದು ಅವರ ಕಾಲಕ್ಕೆ ಸರಿ. ನಾನು ಸರ್ವೆ ಮತ್ತು ಜಿಐಎಸ್ (ಕಂಪ್ಯೂಟರ್ ನಕಾಶೆ) ಕೆಲಸ ಮಾಡುವವನು, ಬದಲಾದದ್ದನ್ನು ಹೇಳುತ್ತೇನೆ.

2005ರ ರಾಷ್ಟ್ರೀಯ ನಕಾಶೆ ನೀತಿಯಲ್ಲಿ ಸರ್ವೆ ಆಫ್ ಇಂಡಿಯಾ (ನಮ್ಮ ದೇಶದ ನಕಾಶೆ ಮಾಡುವ ಸರ್ಕಾರಿ ಸಂಸ್ಥೆ) ನಕಾಶೆಗಳನ್ನು ಎರಡು ಭಾಗ ಮಾಡಿದರು. ಒಂದು ಸೈನ್ಯಕ್ಕೆ, ಇನ್ನೊಂದು ಜನರಿಗೆ. ಜನರಿಗೆ ಕೊಡುವುದನ್ನು ಓಪನ್ ಸೀರೀಸ್ ಅನ್ನುತ್ತಾರೆ. 2017ರಲ್ಲಿ 1:50,000 ಅಳತೆಯ ಓಪನ್ ಸೀರೀಸ್ ಹಾಳೆಗಳನ್ನು ‘ನಕ್ಷೆ’ ಪೋರ್ಟಲ್ ಮೂಲಕ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟರು. 2021ರ ಫೆಬ್ರವರಿಯಲ್ಲಿ ನಿಯಮ ಇನ್ನೂ ಸಡಿಲವಾಯಿತು. 2022ರಲ್ಲಿ ಹೊಸ ಜಿಯೋಸ್ಪೇಷಿಯಲ್ ನೀತಿ ಬಂತು. ಈಗ ಸರ್ವೆ ಆಫ್ ಇಂಡಿಯಾದ್ದೇ ಆನ್‌ಲೈನ್ ನಕಾಶೆ ಪೋರ್ಟಲ್ ಇದೆ.

ಒಂದು ವಿಷಯದಲ್ಲಿ ಮಾತ್ರ ಜೋಪಾನ. ವಿದೇಶಿ ನಕಾಶೆಗಳಲ್ಲಿ ನಮ್ಮ ದೇಶದ ಹೊರಗಡಿ ನಮ್ಮ ಸರ್ಕಾರ ಒಪ್ಪಿದ ಹಾಗೆ ಇರುವುದಿಲ್ಲ. ಅಂಥದ್ದನ್ನು ಇಲ್ಲಿ ಪ್ರಕಟಿಸುವುದು 1961ರ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ 43-3, 43-7 ಹಾಳೆಗಳಲ್ಲಿ ದೇಶದ ಗಡಿಯೇ ಬರುವುದಿಲ್ಲ. ಕಾಶ್ಮೀರದ ಕಡೆಯ ಹಾಳೆ ಹಂಚಬೇಡಿ, ಅಷ್ಟೇ.

ಭಾರತದ ಟೋಪೋಶೀಟ್ ನಂಬರೂ ಬರೆದಿಟ್ಟುಕೊಳ್ಳಿ. ಹಳೇ ಸರ್ವೆ ನಕಾಶೆ ಎಲ್ಲಿ ಸಿಕ್ಕರೂ ಇದೇ ನಂಬರ್ ಇರುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ 48 ಎಂ/3. ಗದಗಕ್ಕೆ 48 ಎಂ/11. ಲಕ್ಷ್ಮೇಶ್ವರಕ್ಕೆ 48 ಎಂ/8. ಹಾವೇರಿಗೆ 48 ಎನ್/5. ಹಳೇ ಹಾಳೆಗಳು ಒಂದು ಇಂಚಿಗೆ ಒಂದು ಮೈಲಿ ಅಥವಾ ಒಂದು ಇಂಚಿಗೆ ನಾಲ್ಕು ಮೈಲಿ ಲೆಕ್ಕದಲ್ಲಿರುತ್ತವೆ.

ಕಪ್ಪತಗುಡ್ಡ ಸರ್ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಯು 502 ಹಾಳೆಯನ್ನು ಸುಮ್ನೆ ‘ಎರಡನೇ ಮಹಾಯುದ್ಧದ ನಕಾಶೆ’ ಅಂತ ಕರೆದು ವಾಟ್ಸ್ಆ್ಯಪಿಗೆ ಹಾಕುವವರು ಜಾಸ್ತಿ. ಅದು ಯುದ್ಧ ಮುಗಿದ ಮೇಲಿನದು. ಆದರೆ ಅಮೆರಿಕದವರು ಬಂದು ಇಲ್ಲಿ ಸರಪಳಿ ಹಿಡಿದು ಅಳೆಯಲಿಲ್ಲ. ಸರ್ವೆ ಆಫ್ ಇಂಡಿಯಾದ ಹಳೇ ಹಾಳೆಗಳನ್ನು ಕೂಡಿಸಿ ಮಾಡಿದ್ದು. ಹಾಳೆಯ ಕೆಳ ಅಂಚಿನಲ್ಲಿ ಯಾವ ಮೂಲದಿಂದ, ಯಾವ ವರ್ಷ ಅಂತ ಬರೆದಿರುತ್ತದೆ. ಎಷ್ಟು ನಂಬಬಹುದು ಅನ್ನುವ ಚಿಕ್ಕ ಚಿತ್ರವೂ ಇರುತ್ತದೆ. ಅದನ್ನು ಕತ್ತರಿಸಿ ಹಂಚಬೇಡಿ. ಅಂಚಿಲ್ಲದ ನಕಾಶೆಗೆ ಬೆಲೆಯಿಲ್ಲ. ಒಂದೇ ಹಾಳೆಯಲ್ಲಿ ರಸ್ತೆ 1950ರದ್ದು, ಹಳ್ಳಿ 1920ರದ್ದು ಇರಬಹುದು.

ನವಲಗುಂದ_ಹುಡುಗಿ

ನಮಸ್ಕಾರ ಎಲ್ಲರಿಗೂ. ನಕಾಶೆ ನನಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಕಡತ ಅಂದಿರಲ್ಲ, ಅದಕ್ಕೆ ಕೇಳುತ್ತಿದ್ದೇನೆ. ನಮ್ಮ ಅಮ್ಮನ ಅಜ್ಜ ಮೊದಲನೇ ಮಹಾಯುದ್ಧದಲ್ಲಿ ಬಸರಾಕ್ಕೆ ಹೋದವರು, ಮರಳಿ ಬರಲಿಲ್ಲ. ಮರಾಠಾ ಪಲ್ಟಣ ಅಂತ ಮಾತ್ರ ಮನೆಯಲ್ಲಿ ಹೇಳುತ್ತಾರೆ. ಪ್ರತಿ ವರ್ಷ ಪಕ್ಷಮಾಸದಲ್ಲಿ ಅವರಿಗೆ ಎಡೆ ಇಡುತ್ತೇವೆ. ಎಲ್ಲಿ ತೀರಿಕೊಂಡರು, ಯಾವತ್ತು ತೀರಿಕೊಂಡರು, ಏನೂ ಗೊತ್ತಿಲ್ಲ. ಅಮ್ಮನಿಗೆ ಈಗ ವಯಸ್ಸಾಗಿದೆ. ಇದಕ್ಕೆ ಏನಾದರೂ ದಾರಿ ಇದೆಯಾ?

ಕಪ್ಪತಗುಡ್ಡ

ಇದೆ ತಂಗಿ. ಈ ಚರ್ಚೆ ಶುರು ಮಾಡಿದ್ದೇ ಇಂಥ ಪ್ರಶ್ನೆಗಳಿಗಾಗಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಬಾಗಿಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಎರಡೂ ಮಹಾಯುದ್ಧಗಳಲ್ಲಿ ತೀರಿಕೊಂಡವರ ಪಟ್ಟಿ ಅವರ ಜಾಲತಾಣದಲ್ಲಿದೆ, ಉಚಿತ. ಹುಡುಕುವಾಗ ‘ಇಂಡಿಯನ್ ಆರ್ಮಿ’ ಆರಿಸಿ, ಮೊದಲನೇ ಯುದ್ಧ ಆರಿಸಿ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆ ಇರುತ್ತವೆ. ಎಲ್ಲದರಲ್ಲೂ ಇರುವುದಿಲ್ಲ.

ಬಸರಾದಲ್ಲಿ ಒಂದು ದೊಡ್ಡ ಸ್ಮಾರಕ ಇದೆ. 1914ರಿಂದ 1921ರ ಆಗಸ್ಟ್‌ವರೆಗೆ ಮೆಸೊಪೊಟೇಮಿಯಾದಲ್ಲಿ (ಈಗಿನ ಇರಾಕ್) ಸತ್ತು, ಸಮಾಧಿ ಎಲ್ಲಿದೆ ಅಂತ ತಿಳಿಯದ 40,500ಕ್ಕೂ ಜಾಸ್ತಿ ಜನರ ನೆನಪಿಗೆ. ಇಲ್ಲಿ ಒಂದು ನೋವಿನ ವಿಷಯ ಹೇಳಲೇಬೇಕು. ಆ ಕಲ್ಲಿನ ಮೇಲೆ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು. ನಮ್ಮವರಲ್ಲಿ ಅಧಿಕಾರಿಗಳ ಹೆಸರು ಮಾತ್ರ ಕೆತ್ತಿದರು. ಸಾಮಾನ್ಯ ಸಿಪಾಯಿಗಳದ್ದು ಯಾವ ಪಲ್ಟಣ, ಎಷ್ಟು ಜನ ಅಂತ ಬರೀ ಸಂಖ್ಯೆ. 2021ರಲ್ಲಿ ಆ ಕಮಿಷನ್ನೇ ಒಂದು ವರದಿ ತಂದು, ಈ ಭೇದ ಮಾಡಿದ್ದು ನಿಜ ಅಂತ ಒಪ್ಪಿಕೊಂಡಿತು. ಕಲ್ಲಿನ ಮೇಲೆ ಇಲ್ಲದ ಹೆಸರು ದಾಖಲೆಯಲ್ಲಿ ಇರಬಹುದು. ಅದಕ್ಕೇ ಆನ್‌ಲೈನ್ ಪಟ್ಟಿಯನ್ನೇ ಹುಡುಕಬೇಕು. ಆ ಸ್ಮಾರಕವೂ ಮೊದಲಿನ ಜಾಗದಲ್ಲಿಲ್ಲ. 1997ರಲ್ಲಿ ಸದ್ದಾಂ ಹುಸೇನ್ ಆದೇಶದಿಂದ ಅದನ್ನು ಬಸರಾದಿಂದ ಆಚೆ, ನಾಸಿರಿಯಾ ರಸ್ತೆಗೆ ಸಾಗಿಸಿದರು.

ಎರಡನೇ ಬಾಗಿಲು ಪಲ್ಟಣ. ಮರಾಠಾ ಅಂದರೆ ಆಗ ಒಂದೇ ಅಲ್ಲ. 103, 105, 110, 114, 116, 117 ಅಂತ ಬೇರೆಬೇರೆ ನಂಬರಿನವು ಇದ್ದವು. 103, 110 ಮತ್ತು 117 ಕುತ್ ಊರಿನ ಮುತ್ತಿಗೆಯಲ್ಲಿ ಸಿಕ್ಕಿಕೊಂಡವು. ಮುತ್ತಿಗೆ ಶುರುವಾದದ್ದು 1915ರ ಡಿಸೆಂಬರ್ 7ಕ್ಕೆ. ತಿನ್ನಲು ಇಲ್ಲದೆ, ಕುದುರೆಗಳನ್ನೂ ಕೊಂದು ತಿಂದು, 1916ರ ಏಪ್ರಿಲ್ 29ಕ್ಕೆ ಶರಣಾದರು. ಸುಮಾರು 13,000 ಜನ ತುರ್ಕರ ಕೈಗೆ ಸೆರೆಯಾದರು. ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಭಾರತದ ಸಿಪಾಯಿಗಳನ್ನು ರಾಸ್ ಅಲ್ ಐನ್ ಹತ್ತಿರ ರೈಲು ದಾರಿ ಹಾಕುವ ಕೆಲಸಕ್ಕೆ ದುಡಿಸಿದರು. ಎಷ್ಟೋ ಜನ ದಾರಿಯಲ್ಲೇ ಹೋದರು. ಹೀಗಾಗಿ ಮರಣದ ತಾರೀಖು ಸಿಕ್ಕರೆ ಅದು 1916ರ ಏಪ್ರಿಲ್‌ಗಿಂತ ಹಿಂದಿನದೋ ಮುಂದಿನದೋ ನೋಡಿ.

ಮೂರನೆಯದು ಕತಾರ್ ಡಿಜಿಟಲ್ ಲೈಬ್ರರಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಕಚೇರಿ) ಕಡತಗಳನ್ನು ಸ್ಕ್ಯಾನ್ ಮಾಡಿ 2014ರಿಂದ ಹಾಕುತ್ತಿದ್ದಾರೆ. ಮೆಸೊಪೊಟೇಮಿಯಾ ಯುದ್ಧದ ಪತ್ರಗಳು, ಆ ನಾಡಿನ ಸೈನ್ಯದ ನಕಾಶೆಗಳು ಅಲ್ಲಿವೆ. ನಿಮ್ಮ ಮುತ್ತಜ್ಜನ ಹೆಸರು ಅಲ್ಲಿ ಸಿಗದೇ ಇರಬಹುದು. ಆದರೆ ಅವರು ನಡೆದ ದಾರಿ ಸಿಗುತ್ತದೆ.

ಪಲ್ಟಣಗಳ ದಿನಚರಿ, ಅಂದರೆ ವಾರ್ ಡೈರಿ, ಇಂಗ್ಲೆಂಡಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಒ 95 ಅನ್ನುವ ಸಾಲಿನಲ್ಲಿದೆ. ಹಲವು ಸ್ಕ್ಯಾನ್ ಆಗಿವೆ. ಆದರೆ ಅದರಲ್ಲಿ ಅಧಿಕಾರಿಗಳ ಹೆಸರೇ ಬರುತ್ತದೆ, ಸಿಪಾಯಿಯ ಹೆಸರು ಅಪರೂಪ.

ಹೆಸರು ಹುಡುಕುವಾಗ ನಾಲ್ಕೈದು ಥರ ಬರೆದು ನೋಡಿ. ಬರೆದುಕೊಂಡ ಗುಮಾಸ್ತರಿಗೆ ನಮ್ಮ ಹೆಸರು ಗೊತ್ತಿರಲಿಲ್ಲ. ‘ಪ್ಪ’, ‘ಗೌಡ’ ಬಿಟ್ಟು ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಹಾಕಿ. ಜಿಲ್ಲೆ ಧಾರವಾಡವೇ. ಗದಗ, ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಳೇ ಕಡತದಲ್ಲಿ ಧಾರವಾಡವನ್ನು ಇಂಗ್ಲಿಷಿನಲ್ಲಿ ಕೊನೆಗೆ ‘ಡಿ’ ಬದಲು ‘ಆರ್’ ಹಾಕಿ ಬರೆದಿರುತ್ತಾರೆ.

ಮಾಳಮಡ್ಡಿ_ಓದುಗ (ಧಾರವಾಡ)

ಎರಡನೇ ಮಹಾಯುದ್ಧದವರಿಗೂ ಒಂದು ಮಾತು. 1922ರಲ್ಲಿ ಈ ಪಲ್ಟಣಗಳನ್ನು ಕೂಡಿಸಿ 5ನೇ ಮರಾಠಾ ಲೈಟ್ ಇನ್‌ಫಂಟ್ರಿ ಮಾಡಿದರು. ಬೆಳಗಾವಿ ಅದರ ತರಬೇತಿ ಕೇಂದ್ರವಾಯಿತು, ಈಗಲೂ ರೆಜಿಮೆಂಟಿನ ಕೇಂದ್ರ ಅಲ್ಲೇ. ಎರಿಟ್ರಿಯಾದ ಕೆರೆನ್, ಇಟಲಿ, ಬರ್ಮಾ ಗಡಿಯ ಸಾಂಗ್‌ಶಾಕ್ ಎಲ್ಲ ಕಡೆ ಹೋರಾಡಿದರು. ಇಟಲಿಯಲ್ಲಿ ಯಶವಂತ ಘಾಡ್ಗೆ, ನಾಮದೇವ ಜಾಧವ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಪದಕ ಬಂದವರ ಹೆಸರು ಲಂಡನ್ ಗೆಜೆಟ್‌ನಲ್ಲಿ ಬರುತ್ತದೆ. ಅದೂ ಆನ್‌ಲೈನ್, ಅದೂ ಉಚಿತ. ಮನೆಯಲ್ಲಿ ಹಳೇ ಪದಕ ಇದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನಂಬರ್, ಹೆಸರು, ಪಲ್ಟಣ ಕೆತ್ತಿರಬಹುದು. ಆ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ದಯವಿಟ್ಟು ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ.

ವರದಾ_ದಂಡೆ (ಹಾವೇರಿ)

ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಯುದ್ಧ ಅಂದರೆ ಬಸರಾ, ಬರ್ಮಾ ಮಾತ್ರ ಅಲ್ವಲ್ಲ. ಅದೇ ಹೊತ್ತಿಗೆ ನಮ್ಮೂರಲ್ಲೇ ಇನ್ನೊಂದು ಹೋರಾಟ ನಡೆದಿತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಪೊಲೀಸರ ಗುಂಡಿಗೆ ಬಿದ್ದರು. ಸರ್ಕಾರದ ಕಂದಾಯದ ಹಣ ಇಟ್ಟ ಕಡೆ ದಾಳಿ ಮಾಡಿದ್ದರು. ಮಹಾದೇವಪ್ಪನವರು 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದ ಕನ್ನಡಿಗರು. ಹುಬ್ಬಳ್ಳಿಯಲ್ಲಿ 1942ರ ಆಗಸ್ಟ್‌ನಲ್ಲಿ ಬಾಲಕ ನಾರಾಯಣ ಡೋಣಿ ಗುಂಡಿಗೆ ಬಲಿಯಾದ. ನನ್ನ ಮಕ್ಕಳಿಗೆ ಇವನ್ನು ಪಾಠದಲ್ಲಿ ಹೇಳುತ್ತೇನೆ. ಆದರೆ ಆ ದಿನಗಳ ಕಾಗದವನ್ನೇ ತೋರಿಸಬೇಕು ಅಂತ ಆಸೆ. ಎಲ್ಲಿ ನೋಡಲಿ?

ಕಪ್ಪತಗುಡ್ಡ

ಅಕ್ಕಾರೆ, ಭಾರತದ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಪೋರ್ಟಲ್ ನೋಡಿ. ನೋಂದಣಿ ಮಾಡಿಕೊಂಡರೆ ಸಾಕು.

ಬ್ರಿಟಿಷರ ಕಾಲದಲ್ಲಿ ಪ್ರತಿ ಪ್ರಾಂತ್ಯವೂ ಹದಿನೈದು ದಿನಕ್ಕೊಮ್ಮೆ ದೆಹಲಿಗೆ ಗುಟ್ಟಾದ ವರದಿ ಕಳಿಸಬೇಕಿತ್ತು. ಎಲ್ಲಿ ಗಲಾಟೆ, ಮಳೆ ಹೇಗಿದೆ, ಜನರ ಮನಸ್ಸು ಹೇಗಿದೆ, ಎಲ್ಲ ಅದರಲ್ಲಿ ಬರೆಯುತ್ತಿದ್ದರು. ಆ ವರದಿಗಳು ಹೋಂ ಡಿಪಾರ್ಟ್‌ಮೆಂಟಿನ ಪೊಲಿಟಿಕಲ್ ಶಾಖೆಯ ಕಡತಗಳಲ್ಲಿವೆ. ನಂಬರ್ ಹಾಕುವ ಪದ್ಧತಿ ಸುಲಭ: 18, ಆಮೇಲೆ ತಿಂಗಳು, ಆಮೇಲೆ ವರ್ಷ. 1942ರ ಆಗಸ್ಟ್‌ಗೆ 18/8/42. ಹೊಸರಿತ್ತಿಗೆ ನೀವು ನೋಡಬೇಕಾದ್ದು 18/4/43. ಅದರಲ್ಲಿ ಬಾಂಬೆ ಪ್ರಾಂತ್ಯದ ಭಾಗಕ್ಕೆ ಹೋಗಿ. ಮೈಸೂರು ಅಂತ ಹುಡುಕಬೇಡಿ. 1956ರ ನವೆಂಬರ್ 1ರವರೆಗೆ ನಾವು ಬಾಂಬೆಯವರು. ಅದೇ ಕಾರಣಕ್ಕೆ ಜಿಲ್ಲೆಯ ಮೂಲ ಕಡತಗಳಲ್ಲಿ ಬಹಳಷ್ಟು ಮುಂಬೈಯ ಮಹಾರಾಷ್ಟ್ರ ಪತ್ರಾಗಾರದಲ್ಲಿವೆ.

ಇನ್ನೂ ಹಿಂದಿನದು ಬೇಕಾದರೆ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 22ನೇ ಸಂಪುಟ, 1884ರದ್ದು, ಪೂರ್ತಿ ಧಾರವಾಡ ಜಿಲ್ಲೆಯದ್ದೇ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ಕೆರೆಗಳು, ಸಂತೆಗಳು, ಬರ, ಬೆಳೆ ಎಲ್ಲ ಇದೆ.

ಬೆಟಗೇರಿ_ಮಗ್ಗ

ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಆ ಗುಟ್ಟಿನ ವರದಿ ಬರೆದವರು ಯಾರು? ನಮ್ಮವರ ಮೇಲೆ ಗುಂಡು ಹಾರಿಸಿದ ಸರ್ಕಾರದವರೇ ಅಲ್ವಾ? ಅವರ ಕಾಗದದಲ್ಲಿ ಸತ್ಯ ಎಲ್ಲಿ ಬರುತ್ತದೆ? ನಮ್ಮ ಅಜ್ಜಿ ಹೇಳಿದ್ದು, ಊರ ಹಿರಿಯರು ಹೇಳಿದ್ದೇ ನನಗೆ ಜಾಸ್ತಿ ನಂಬಿಕೆ. ಸ್ಕ್ಯಾನ್ ಆಗಿ ಬಂತು ಅಂದ ಮಾತ್ರಕ್ಕೆ ಅದು ಇತಿಹಾಸ ಆಗುವುದಿಲ್ಲ.

ವರದಾ_ದಂಡೆ

ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ ಅಣ್ಣಾರೆ. ಅವರ ಕಣ್ಣಿಗೆ ಮಹಾದೇವಪ್ಪನವರು ಹುತಾತ್ಮರಲ್ಲ, ಅದು ಗೊತ್ತಿರುವುದೇ. ಆದರೆ ತಾರೀಖು, ಪೊಲೀಸರು ಎಲ್ಲಿಂದ ಬಂದರು, ಯಾವ ಆದೇಶ ಇತ್ತು, ಇವೆಲ್ಲ ಊರ ನೆನಪಿನಲ್ಲಿ ಇರುವುದಿಲ್ಲ. ಹೆದರಿದ ಸರ್ಕಾರ ತನ್ನ ಮೇಲಿನವರಿಗೆ ಏನು ಬರೆಯಿತು ಅನ್ನುವುದೂ ನಮಗೆ ಬೇಕು.

ಕಪ್ಪತಗುಡ್ಡ

ಇಬ್ಬರ ಮಾತೂ ಬೇಕು. ಬೆಟಗೇರಿ ಅಣ್ಣಾರೆ, ನಿಮ್ಮ ಅಜ್ಜಿ ಹೇಳಿದ್ದನ್ನು ಯಾರಾದರೂ ಬರೆದಿಟ್ಟಿದ್ದಾರಾ? ಇಲ್ಲದಿದ್ದರೆ ಈ ತಿಂಗಳೇ ಬರೆದಿಡಿ. ಯಾರು ಹೇಳಿದರು, ಅವರಿಗೆ ಯಾರು ಹೇಳಿದ್ದರು ಅಂತ ಸೇರಿಸಿ. ಬ್ರಿಟಿಷರ ಕಾಗದ ಇನ್ನೂ ನೂರು ವರ್ಷ ಸರ್ವರಿನಲ್ಲಿ ಇರುತ್ತದೆ. ನಮ್ಮ ಹಿರಿಯರು ಇರುವುದಿಲ್ಲ. ಮುಂದೆ ಯಾರಾದರೂ ಹುಡುಕಿದಾಗ ಅವರ ಕಾಗದ ಒಂದೇ ಸಿಗಬಾರದು. ಅದೇ ನನ್ನ ಚಿಂತೆ.

ಪುಲಿಗೆರೆ (ಲಕ್ಷ್ಮೇಶ್ವರ)

ಲಕ್ಷ್ಮೇಶ್ವರದ ಕಡತ ಧಾರವಾಡ ಅಂತ ಹುಡುಕಿದರೆ ಸಿಗುವುದಿಲ್ಲ, ಯಾರೂ ಅದನ್ನು ಹೇಳಲಿಲ್ಲವಲ್ಲ! ನಾವು ಬ್ರಿಟಿಷರ ನೇರ ಆಳ್ವಿಕೆಯಲ್ಲೇ ಇರಲಿಲ್ಲ. ಹಿರೇ ಮಿರಜ ಸಂಸ್ಥಾನಕ್ಕೆ ಸೇರಿದ್ದೆವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಕುಂದಗೋಳ ಜಮಖಂಡಿಗೆ. ಸವಣೂರಿಗೆ ಅವರದೇ ನವಾಬರು. 1948ರ ಮಾರ್ಚ್‌ನಲ್ಲಿ ಇವು ಬಾಂಬೆ ಪ್ರಾಂತ್ಯದಲ್ಲಿ ವಿಲೀನವಾದವು. ಹಾಗಾಗಿ ನಮ್ಮ ಊರುಗಳ ಕಡತ ಆಯಾ ಸಂಸ್ಥಾನದ ಹೆಸರಲ್ಲಿ, ಇಲ್ಲಾ ‘ಡೆಕ್ಕನ್ ಸ್ಟೇಟ್ಸ್’ ಅನ್ನುವ ತಲೆಬರಹದಲ್ಲಿ ಹುಡುಕಬೇಕು. ಸಂಸ್ಥಾನದಿಂದ ಯುದ್ಧಕ್ಕೆ ಹಣ ಕೊಟ್ಟದ್ದು, ಜನ ಕಳಿಸಿದ್ದು ಬೇಕಾದರೂ ಅದೇ ತಲೆಬರಹ.

ಮುಂಡರಗಿ_ಗಡಿ

ಪುಲಿಗೆರೆಯವರ ಹಾಗೆ ನಮ್ಮದೂ ಗಡಿಯ ಕಥೆ. ಮುಂಡರಗಿ ದಾಟಿದರೆ ಕೊಪ್ಪಳ, ಅದು ನಿಜಾಮರ ಹೈದರಾಬಾದ್. 1947-48ರಲ್ಲಿ ಮುಂಡರಗಿ, ಗಜೇಂದ್ರಗಡದಲ್ಲಿ ನಿಜಾಮರ ವಿರುದ್ಧದ ಹೋರಾಟಗಾರರ ಶಿಬಿರಗಳಿದ್ದವು. ನಿಜಾಮರ ಪರವಿದ್ದ ರಜಾಕಾರರ ಕಾಟ ತಾಳದೆ ಜನ ಈ ಕಡೆ ಬರುತ್ತಿದ್ದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೈದರಾಬಾದಿನ ಒಳಗೆ ಹೋಯಿತು, 17ಕ್ಕೆ ಮುಗಿಯಿತು. ಈಗಿನ ನಕಾಶೆಯಲ್ಲಿ ಅದು ಬರೀ ಜಿಲ್ಲೆಯ ಗಡಿ. ಇಂಚಿಗೆ ನಾಲ್ಕು ಮೈಲಿಯ ಹಳೇ ಸರ್ವೆ ಹಾಳೆಯಲ್ಲಿ ಅದು ಸಂಸ್ಥಾನದ ಗಡಿ. ಯಾವ ಹಳ್ಳಿ ಆ ಕಡೆ, ಯಾವುದು ಈ ಕಡೆ ಅಂತ ಸ್ಪಷ್ಟ. ನಮ್ಮ ಹಿರಿಯರು ‘ಮೊಗಲಾಯಿ’ (ನಿಜಾಮರ ಸೀಮೆ) ಅಂತ ಯಾವ ಊರಿಗೆ ಅನ್ನುತ್ತಿದ್ದರು ಅಂತ ಅದನ್ನಿಟ್ಟುಕೊಂಡು ಕೇಳಿದರೆ ಒಂದೊಂದು ಹಳ್ಳಿಗೂ ಕಥೆ ಹೊರಡುತ್ತದೆ.

ಎರೆಹೊಲ (ರೋಣ)

ಎಲ್ಲ ಸರಿ. ನನ್ನದು ಒಂದೇ ಪ್ರಶ್ನೆ. ನಮ್ಮ ಹೊಲದ ಬದುವಿನಲ್ಲಿ ಹಳೇ ಬಂಡಿದಾರಿ ಇತ್ತು, ಪಕ್ಕದವರು ಇಲ್ಲ ಅನ್ನುತ್ತಾರೆ. ಈ ಅಮೆರಿಕದ ನಕಾಶೆಯಲ್ಲಿ ಅಲ್ಲೊಂದು ಚುಕ್ಕೆಗೆರೆ ಕಾಣುತ್ತದೆ. ಕೋರ್ಟಿಗೆ ಕೊಡಬಹುದಾ?

ನಕಾಶೆ_ಕೆಲಸ

ಅಣ್ಣಾರೆ, ಅದನ್ನು ನೆಚ್ಚಿಕೊಳ್ಳಬೇಡಿ. ಆ ಅಳತೆಯಲ್ಲಿ ಅರ್ಧ ಮಿಲಿಮೀಟರ್ ಗೆರೆ ಅಂದರೆ ನೆಲದ ಮೇಲೆ 125 ಮೀಟರ್. ನಿಮ್ಮ ಹೊಲವೇ ಅದರೊಳಗೆ ಮುಚ್ಚಿಹೋಗುತ್ತದೆ. ಸೈನ್ಯದವರಿಗೆ ಲಾರಿ ಹೋಗುವ ದಾರಿ, ನದಿ ದಾಟುವ ಜಾಗ ಬೇಕಿತ್ತು, ಹೊಲದ ಬದು ಬೇಕಿರಲಿಲ್ಲ. ನಿಮಗೆ ಬೇಕಾದ್ದು ಗ್ರಾಮ ನಕಾಶೆ, ಟಿಪ್ಪಣಿ (ಹೊಲ ಅಳೆದ ಚಿತ್ರ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ). ಗ್ರಾಮ ನಕಾಶೆ ಕಂದಾಯ ಇಲಾಖೆಯ ಜಾಲತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಬಂಡಿದಾರಿ, ಕಾಲುದಾರಿಗೆ ಅದರಲ್ಲಿ ಬೇರೆಬೇರೆ ಗುರುತು ಇದೆ. ದಿಶಾಂಕ್ ಆ್ಯಪಿನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ನೋಡಬಹುದು. ಕೋರ್ಟಿಗೆ ಮಾತ್ರ ಭೂಮಾಪನ ಕಚೇರಿಯಿಂದ ದೃಢೀಕರಿಸಿದ ನಕಲನ್ನೇ ತೆಗೆಸಿ.

ಹಳೇ ನೆಲ ಹೇಗಿತ್ತು ಅಂತ ನೋಡುವ ಆಸೆ ಇದ್ದರೆ ಇನ್ನೊಂದು ಇದೆ. 1960ರಿಂದ 1972ರವರೆಗೆ ಅಮೆರಿಕದವರು ಕೊರೋನಾ ಅನ್ನುವ ಗೂಢಚಾರ ಉಪಗ್ರಹಗಳಿಂದ ಫೋಟೋ ತೆಗೆದರು. ಫಿಲ್ಮ್ ಡಬ್ಬಿಯನ್ನು ಆಕಾಶದಿಂದ ಬೀಳಿಸಿ, ಗಾಳಿಯಲ್ಲೇ ವಿಮಾನದಿಂದ ಹಿಡಿಯುತ್ತಿದ್ದರು. ಅಂಥ 8,60,000ಕ್ಕೂ ಜಾಸ್ತಿ ಚಿತ್ರಗಳ ಗುಟ್ಟನ್ನು 1995ರಲ್ಲಿ ಬಿಟ್ಟುಕೊಟ್ಟರು. ಕೊನೆಯ ವರ್ಷಗಳ ಕ್ಯಾಮೆರಾದಲ್ಲಿ ಎರಡು ಮೀಟರ್‌ಗಿಂತ ಚಿಕ್ಕದೂ ಕಾಣುತ್ತದೆ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಅರ್ಥ್‌ಎಕ್ಸ್‌ಪ್ಲೋರರ್ ತಾಣದಲ್ಲಿ ನಿಮ್ಮ ಊರಿನ ಸುತ್ತ ಚೌಕ ಹಾಕಿ, ‘ಡಿಕ್ಲಾಸಿಫೈಡ್’ ಅಂತ ಆರಿಸಿ. ಯಾರಾದರೂ ಮೊದಲೇ ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸಿದ ಚಿತ್ರ ಉಳಿದ ಎಲ್ಲರಿಗೂ ಉಚಿತ. ಮುಚ್ಚಿಹೋದ ಕೆರೆಗಳನ್ನು ಹುಡುಕಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಉಣಕಲ್_ದಂಡೆ

ಹುಬ್ಬಳ್ಳಿಯಲ್ಲಿ ಕೆರೆ ಇದ್ದ ಜಾಗದಲ್ಲಿ ಈಗ ಮನೆ, ಬಸ್ ನಿಲ್ದಾಣ, ಮೈದಾನ ಎಲ್ಲ ಆಗಿದೆ. ಹಳೇ ನಕಾಶೆಯನ್ನು ಈಗಿನ ಗೂಗಲ್ ಮೇಲೆ ಕೂರಿಸುವುದು ಹೇಗೆ?

ನಕಾಶೆ_ಕೆಲಸ

ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ಹಳೇ ನಕಾಶೆಯನ್ನು ಸರಿಯಾದ ಜಾಗಕ್ಕೆ ಕೂರಿಸುವ ಜಿಯೋರೆಫರೆನ್ಸರ್ ಇದೆ. ನಕಾಶೆಯ ಮೇಲೆ ಅಕ್ಷಾಂಶ, ರೇಖಾಂಶ ಕೂಡುವ ಜಾಗಗಳಲ್ಲಿ ಗುರುತು ಹಾಕಿ ಅದರ ಅಂಕಿ ಕೊಡಿ. ನಾಲ್ಕು ಮೂಲೆ ಸಾಲದು, ನಡುವೆಯೂ ಕೆಲವು ಹಾಕಿ. ಹಳೇ ಭಾರತದ ನಕಾಶೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಅನ್ನುವ ಲೆಕ್ಕದ ಮೇಲೆ ನಿಂತಿವೆ, ಜಿಪಿಎಸ್ ಡಬ್ಲ್ಯೂಜಿಎಸ್ 84 ಮೇಲೆ. ಅದನ್ನು ಹೊಂದಿಸದೆ ಇಟ್ಟರೆ ಎಲ್ಲವೂ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಕದಲದ ಗುರುತು ಹಿಡಿದು ಪರೀಕ್ಷೆ ಮಾಡಿ: ಹಳೇ ಗುಡಿ, ರೈಲಿನ ಸೇತುವೆ, ನೃಪತುಂಗ ಬೆಟ್ಟದ ತುದಿ. ಯುದ್ಧಕಾಲದ ಸರ್ವೆ ಹಾಳೆಗಳಲ್ಲಿ ಚೌಕಗಳು ಮೀಟರ್‌ನಲ್ಲಿ ಅಲ್ಲ, ಗಜದಲ್ಲಿ ಇರುತ್ತವೆ. ಅದನ್ನು ಮರೆಯಬೇಡಿ.

ಮಾಳಮಡ್ಡಿ_ಓದುಗ

1962, 1965, 1971ರ ಕಡತಗಳ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಂದು ನೀತಿ ತಂದಿದೆ. ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದೊಳಗೆ ಬಿಡುಗಡೆ ಮಾಡಬೇಕು ಅಂತ. ನಮ್ಮ ತಂದೆಯವರ ಕಾಲದ ಯುದ್ಧಗಳು ಅವು. ಆ ಕಡತಗಳೂ ಎಲ್ಲರ ಕೈಗೆ ಬರಬೇಕು, ಅದಕ್ಕಾಗಿ ಕೇಳುತ್ತಲೇ ಇರಬೇಕು.

ನವಲಗುಂದ_ಹುಡುಗಿ

ಕಪ್ಪತಗುಡ್ಡ ಸರ್, ಕಮಿಷನ್ನಿನ ತಾಣದಲ್ಲಿ ಹುಡುಕಿದೆ. ನಮ್ಮ ಮುತ್ತಜ್ಜನ ಹೆಸರಿನವರು ಒಬ್ಬರಲ್ಲ, ಹಲವರಿದ್ದಾರೆ. ಕೆಲವರಿಗೆ ಊರು ಇಲ್ಲ. ಯಾರು ನಮ್ಮವರು ಅಂತ ಹೇಗೆ ತಿಳಿಯುವುದು? ಅಮ್ಮನಿಗೆ ತಪ್ಪು ಹೇಳಲು ಮನಸ್ಸಿಲ್ಲ.

ಕಪ್ಪತಗುಡ್ಡ

ನೀವು ನಿಂತದ್ದು ಸರಿ. ಹೆಸರು ಒಂದೇ ಅಂತ ತೀರ್ಮಾನ ಮಾಡಬಾರದು. ತಂದೆಯ ಹೆಸರು, ಪಲ್ಟಣದ ನಂಬರ್, ಊರು ಇವುಗಳಲ್ಲಿ ಎರಡಾದರೂ ಕೂಡಬೇಕು. ಮನೆಯ ಹಳೇ ಟ್ರಂಕಿನಲ್ಲಿ ಪಿಂಚಣಿ ಕಾಗದ, ಪದಕ, ಮನಿಯಾರ್ಡರ್ ಚೀಟಿ ಏನಾದರೂ ಇದೆಯಾ ನೋಡಿ. ಯುದ್ಧದಲ್ಲಿ ಸತ್ತವರ ಮನೆಗೆ ಆಗ ಒಂದು ಕಂಚಿನ ಬಿಲ್ಲೆ ಕಳಿಸುತ್ತಿದ್ದರು, ಅಂಗೈಗಿಂತ ಅಗಲ, ಮೇಲೆ ಹೆಸರು ಉಬ್ಬಾಗಿ ಇರುತ್ತದೆ. ಅಟ್ಟದ ಮೇಲಿನ ತಾಮ್ರ, ಹಿತ್ತಾಳೆ ಸಾಮಾನಿನ ಜೊತೆ ಬಿದ್ದಿರಬಹುದು. ಹೊಂದುವ ನಮೂದುಗಳನ್ನು ಹೆಸರು ಮರೆಮಾಡಿ ಇಲ್ಲಿ ಹಾಕಿ, ಪಲ್ಟಣ ಮತ್ತು ತಾರೀಖು ಇಟ್ಟುಕೊಂಡು ನಾವು ಒಂದೊಂದಾಗಿ ಬಿಡಿಸೋಣ.

ಉಳಿದವರಿಗೆ: ಕಮಿಷನ್ನಿನ ಪಟ್ಟಿಯಲ್ಲಿ ಧಾರವಾಡ ಜಿಲ್ಲೆ ಅಂತ ಬರುವ ಹೆಸರುಗಳನ್ನು ಹಳ್ಳಿವಾರು ಕನ್ನಡದಲ್ಲಿ ಬರೆದಿಡುವ ಕೆಲಸ ಶುರು ಮಾಡೋಣ. ಇಂಗ್ಲಿಷಿನಲ್ಲಿ ಕೆಟ್ಟ ಹಳ್ಳಿ ಹೆಸರುಗಳನ್ನು ಸರಿಯಾಗಿ ಗುರುತಿಸಲು ಆ ಭಾಗದವರೇ ಬೇಕು. ಪಂಜಾಬಿನಲ್ಲಿ ಇದು ಆಗಿದೆ. ಲಾಹೋರಿನ ಮ್ಯೂಸಿಯಂನಲ್ಲಿದ್ದ ರಿಜಿಸ್ಟರ್‌ಗಳಿಂದ ಸುಮಾರು 3,20,000 ಸೈನಿಕರ ದಾಖಲೆಯನ್ನು ಹಳ್ಳಿವಾರು ಆನ್‌ಲೈನ್‌ಗೆ ತರುವ ಕೆಲಸ 2021ರಲ್ಲಿ ಶುರುವಾಯಿತು. ನಮ್ಮದು ಅಷ್ಟು ದೊಡ್ಡ ಪಟ್ಟಿ ಅಲ್ಲ, ಕೈಗೆ ನಿಲುಕುವಂಥದ್ದು. ಗದಗ, ರೋಣ, ಮುಂಡರಗಿ ನಾನು ನೋಡುತ್ತೇನೆ. ಪ್ರತಿ ಹೆಸರಿನ ಮುಂದೆ ಮೂಲ ಎಲ್ಲಿಯದು ಅಂತ ಕಡ್ಡಾಯವಾಗಿ ಬರೆಯಬೇಕು.

ವರದಾ_ದಂಡೆ

ಹಾವೇರಿ, ಹಾನಗಲ್ಲ, ಬ್ಯಾಡಗಿ ನನಗಿರಲಿ. ಒಂಬತ್ತನೇ ತರಗತಿ ಮಕ್ಕಳನ್ನೂ ಸೇರಿಸಿಕೊಳ್ಳುತ್ತೇನೆ, ಅವರಿಗೆ ತಮ್ಮ ಹಳ್ಳಿಯ ಹಳೇ ಹೆಸರುಗಳು ಗೊತ್ತು. 18/4/43 ತೆರೆದಿದ್ದೇನೆ, ಓದಿ ನಾಳೆ ಬರೆಯುತ್ತೇನೆ.

ಪುಲಿಗೆರೆ

ಲಕ್ಷ್ಮೇಶ್ವರ, ಶಿರಹಟ್ಟಿ ನನ್ನದು. ನಮ್ಮವರ ಹೆಸರು ಮಿರಜ, ಸಾಂಗ್ಲಿ ಅಡಿಯಲ್ಲೂ ಬಂದಿರಬಹುದು, ಅದನ್ನೂ ನೋಡುತ್ತೇನೆ. ಕುಂದಗೋಳ, ಸವಣೂರಿನವರು ಯಾರಾದರೂ ಇದ್ದರೆ ಮುಂದೆ ಬನ್ನಿ.

ಬೆಟಗೇರಿ_ಮಗ್ಗ

ಅಜ್ಜಿಯ ತಂಗಿ ಇನ್ನೂ ಇದ್ದಾರೆ, ಮುಳಗುಂದದಲ್ಲಿ. ಈ ಭಾನುವಾರ ಹೋಗಿ ಅವರ ಮಾತು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತೇನೆ. ಬರೆದು ಇಲ್ಲೇ ಹಾಕಲಾ, ಬೇರೆ ಚರ್ಚೆ ಶುರು ಮಾಡಲಾ?

ಕಪ್ಪತಗುಡ್ಡ

ಇಲ್ಲೇ ಹಾಕಿ ಅಣ್ಣಾರೆ. ಅವರು ಆಡಿದ ಮಾತನ್ನು ಅವರಂತೆಯೇ ಬರೆಯಿರಿ, ತಿದ್ದಬೇಡಿ.